ಮೇಷ್ಟ್ರ ಪುಸ್ತಕ

"ಯಾಕೆ ನಿಲ್ಲಿಸ್ಬಿಟ್ಟೆ? ಮುಂದಕ್ಕೆ ಓದಪ್ಪಾ," ಎಂದರು ದಾವೂದ್ ಸಾಬ್ ಮೇಷ್ಟ್ರು, ಪೊರೆ ಬಂದ ಕಣ್ಣುಗಳನ್ನು ಬೀರಪ್ಪನ ಕಡೆಗೆ ತಿರುಗಿಸಿ.

ಓದುವುದು ಹೇಗೆ? ಮುಂದಿನ ಹಾಳೆಗಳ ಅಂಚು ಕೂಡಿಕೊಂಡೇ ಇತ್ತು. ಪರದೇಶದಿಂದ ಬರುವ ಇಂಥ ಪುಸ್ತಕಗಳ ಹಾಳೆಗಳನ್ನು ಓದುವವರೇ ಚಾಕುವಿನಿಂದ ಬಿಡಿಸಿಕೊಳ್ಳಬೇಕು. ಮೇಷ್ಟ್ರ ಈ ಪುಸ್ತಕವನ್ನು ಇಲ್ಲಿಂದಾಚೆಗೆ ಯಾರೂ ಬಿಡಿಸಿರಲಿಲ್ಲ. ಎಂ.ಎ. ಪರೀಕ್ಷೆಗೆ ಓದಲೆಂದು ತರೀಕೆರೆಯ ಮೇಷ್ಟ್ರ ಮನೆಯ ಈ ಜಗಲಿಯಲ್ಲಿ ಕೂತಾಗಿನಿಂದ ಬೀರಪ್ಪ ಸೋತು ಸುಣ್ಣವಾಗಿದ್ದ. ಅದೆಂಥ ಕಾದಂಬರಿಯೋ! ಒಬ್ಬಾತ ತನ್ನ ಕೊಡೆ ಹುಡುಕುತ್ತಾ ಹಳೆಯದನ್ನೆಲ್ಲ ನೆನೆಯುವುದರಲ್ಲೇ ಪುಟಗಳು ಮುಗಿದುಹೋಗುತ್ತಿದ್ದವು. ಅರ್ಥವಾಗಲಿಲ್ಲ ಎಂದರೆ ಸಾಕು, "ನಾನು ಇದನ್ನ ಎಷ್ಟು ಸಲ ಓದಿದೀನಿ ಗೊತ್ತಾ? ನಿಂಗೆ ತಾಳ್ಮೆ ಇಲ್ಲ ಕಣೋ," ಎಂದು ಮೇಷ್ಟ್ರು ಗದರುತ್ತಿದ್ದರು. ತನ್ನ ತಲೆಯಲ್ಲಿರುವುದು ಬರೀ ಸಗಣಿ ಎಂದು ಬೀರಪ್ಪ ನಂಬಿಬಿಟ್ಟಿದ್ದ.

ನಾಲ್ಕು ಪುಟ ಹಾರಿಸಿ ಓದೋಣವೆಂದರೆ ಕೊನೆಯವರೆಗೂ ಹಾಗೇ ಇತ್ತು. ಸೀಬೆಹಣ್ಣಿನ ತಟ್ಟೆಯಲ್ಲಿದ್ದ ಚಾಕುವನ್ನು ಮೆತ್ತಗೆ ಎತ್ತಿಕೊಂಡು, ಪಂಚೆಗೆ ಒರೆಸಿ, ಸದ್ದು ಕೇಳಿಸದಿರಲೆಂದು ಕೆಮ್ಮುತ್ತಾ ಹಾಳೆಯ ಅಂಚನ್ನು ಕುಯ್ದ. ಆದರೂ ದಪ್ಪ ಕಾಗದ ಪರ್ರೆಂದಿತು. ಮೇಷ್ಟ್ರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ಬೀರಪ್ಪ ಚಾಕು ಹಿಡಿದುಕೊಂಡೇ ತಲೆ ತಗ್ಗಿಸಿದ.

"ಸುಮ್ಸುಮ್ನೆ ಕೆಮ್ಮಬೇಡ," ಎಂದರು ಅವರು, ಎಲೆಅಡಿಕೆಯನ್ನು ದವಡೆಗೆ ಒತ್ತರಿಸಿಕೊಂಡು. "ನಿಧಾನಕ್ಕೆ ಕುಯ್ಯಿ, ಹಾಳೆ ಹರಿದೋದಾತು. ಅವನಿಗೆ ಕೊಡೆ ಸಿಗುತ್ತೋ ಇಲ್ವೋ, ನಂಗೂ ಗೊತ್ತಾಗ್ಲಿ."