ಸಾರಂಗಿ ಸುಮ್ಮನಾದಾಗ

ಈಗಲೂ ರಾಳದ ವಾಸನೆ ಮೂಗಿಗೆ ಬಡಿದರೆ ಕಮಲಾಪುರದ ಆ ಮಧ್ಯಾಹ್ನ ಬಂದು ಎದುರಿಗೆ ಕೂರುತ್ತದೆ.

ನಿಜಾಮನ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಆಗಿ ಕೆಲವು ವರ್ಷ ಕಳೆದಿತ್ತು. ಹಳೆಯ ವಾದಕರ ಸಂಗೀತ ಉಳಿಯಲೆಂದು ಅಪ್ಪ ಸ್ಪೂಲಿನ ರೆಕಾರ್ಡರ್ ಹೊತ್ತು ಊರೂರು ತಿರುಗುತ್ತಿದ್ದರು. ಅಂದು ಕಾನ್ವೆಂಟಿಗೆ ಹಾಲಿಡೇ; ಕಲಬುರ್ಗಿಯಿಂದ ಜೀಪಿನಲ್ಲಿ ನಾನೂ ಹೋಗಿದ್ದೆ. ಸಾರಂಗಿಯ ಮೌಲಾಸಾಬರು ಕಮಾನಿಗೆ ರಾಳ ತಿಕ್ಕುತ್ತ, "ಬೇಬಿ, ಕೆಮ್ಮಬ್ಯಾಡವಾ, ನಿನ್ನ ಕೆಮ್ಮೂ ಮಶೀನಿನ್ಯಾಗ ಹೊಕ್ಕೊಂಡೀತು," ಎಂದು ನಕ್ಕರು.

ತಂದೆ ಒಂದು ಸಾಲು ನುಡಿಸಿದರೆ ಮಗ ಅದನ್ನೇ ಹಾಡುವುದು ಆ ಮನೆಯ ರೂಢಿ. ಆ್ಯಕ್ಷನ್ನಿನ ಗದ್ದಲದಲ್ಲಿ ಹೊರಗೆ ಹೋದ ಮಗ ತಿರುಗಿ ಬಂದಿರಲಿಲ್ಲ.

ಮೌಲಾಸಾಬರು ಒಂದು ಸಾಲು ನುಡಿಸಿ, ಕಮಾನು ಎತ್ತಿ ಸುಮ್ಮನೆ ಕೂತರು. ಟೇಪು ಸುಲಭಕ್ಕೆ ಸಿಗುತ್ತಿರಲಿಲ್ಲ; ಅಪ್ಪ ಸ್ವಿಚ್ ಆಫ್ ಮಾಡಿದರು.

"ಯಾಕ್ರೀ ಸಾಹೇಬ್ರ, ಬಂದ್ ಮಾಡಿದ್ರಿ?"

"ನೀವು ನಿಲ್ಲಿಸಿದ್ರಲ್ಲ, ಉಸ್ತಾದ್?"

"ನಾ ನಿಲ್ಲಿಸೀನಿ. ಅಂವ ಹಾಡ್ಲಾಕತ್ತಾನ."

ಅಪ್ಪ ಮತ್ತೆ ಸ್ವಿಚ್ ಒತ್ತಿದರು. ಸಾರಂಗಿಯ ಒಂದು ಸಾಲು, ಅಷ್ಟೇ ಉದ್ದಕ್ಕೆ ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳುವ ಪಿನ್ ಡ್ರಾಪ್ ಸೈಲೆನ್ಸ್, ಮತ್ತೆ ಸಾರಂಗಿ. ಸ್ಪೂಲು ಮುಗಿಯುವವರೆಗೂ ಹಾಗೆಯೇ ನಡೆಯಿತು.

ಆಮೇಲೆ ಅಪ್ಪ ರೆಕಾರ್ಡಿಂಗ್ ಕೇಳಿಸಿದರು. ಸಾರಂಗಿ ನಿಂತ ಕಡೆ ಟೇಪಿನ ಸರಸರ ಬಿಟ್ಟರೆ ಏನೂ ಇರಲಿಲ್ಲ. ಮೌಲಾಸಾಬರು ಕಣ್ಣು ಮುಚ್ಚಿ ತಲೆದೂಗಿದರು. ಒಳಗೆ, ಪರದೆಯ ಹಿಂದೆ, ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಇನ್ನಾ ಜರಾ ಜೋರ್ ಮಾಡ್ರೀ," ಎಂದರು ಅವರ ಹೆಂಡತಿ. "ನಮ್ಮ ಹುಡುಗನ ದನಿ ಭಾಳ ಸಣ್ಣ ಕೇಳ್ಲಾಕತ್ತದ."