ಅಮ್ಮ ಮೆಕ್ಯಾನಿಕ್ ಹುಡುಕಿದ ಬಗೆ

ಕ್ಲಚ್ ಸುಟ್ಟ ವಾಸನೆ ಬಂದರೆ ಇವತ್ತಿಗೂ ನನಗೆ ನ್ಯಾಮತಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಬಾಡಿಗೆಗೆ ಓಡಿಸುತ್ತಿದ್ದ ಕಾರು ಏರು ಹತ್ತದಾಗಿತ್ತು. ನಮ್ಮ ಮನೆ ನಡೆಯುತ್ತಿದ್ದುದೇ ಅದರಿಂದ. ಹೊನ್ನಾಳಿಯ ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ, ಇಂಜಿನ್ ಪೂರ್ತಿ ಬಿಚ್ಚಬೇಕು ಎಂದಿದ್ದರು. ಅಮ್ಮ ಅಲ್ಲಿ ನಿಲ್ಲಲಿಲ್ಲ.

ನ್ಯಾಮತಿಯ ಮೆಕ್ಯಾನಿಕ್ ಮೊದಲು ರೇಟು ಹೇಳಲಿಲ್ಲ. "ನೀವೇ ಓಡಿಸ್ರಿ ಅಕ್ಕಾ, ನಾನು ಪಕ್ಕದಾಗೆ ಕುಂತು ಕೇಳ್ತೀನಿ" ಎಂದರು. ಸವಳಂಗದ ಕಡೆ ಒಂದು ಸುತ್ತು ಹೋಗಿ ಬಂದೆವು.

"ಇಂಜಿನ್ ಚೆನ್ನಾಗೈತೆ, ಮುಟ್ಟಾಕೆ ಹೋಗಬ್ಯಾಡ್ರಿ. ಕ್ಲಚ್ ಪ್ಲೇಟ್ ಹೋಗೈತೆ, ಅಷ್ಟಕ್ಕೇ ದುಡ್ಡು ಕೊಡ್ರಿ."

"ಹಳೇ ಪ್ಲೇಟು ನನ್ನ ಕೈಗೇ ಕೊಡ್ಬೇಕು" ಎಂದಳು ಅಮ್ಮ.

"ಕೊಡ್ತೀನಿ, ಮನೇಲಿ ಗೋಡೆಗೆ ನೇತು ಹಾಕ್ಕೊಳ್ರಿ!"

ಅಮ್ಮ ನಕ್ಕಳೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಆದರೆ ಅಪ್ಪನಿಗೂ ಕೊಡದಿದ್ದ ಕೀಯನ್ನು ಅವರ ಕೈಗಿಟ್ಟು, ನನ್ನನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.