ಕೆಂಚನ ಹಣೆಗೆರೆ

"ಸ್ವಲ್ಪ ಹಿಡ್ಕೊಳ್ಳಿ ಅಮ್ಮಾ, ಹಣೆ ಸರಿಯಾಗಿ ಕಾಣ್ಲಿ," ಎಂದ ಚಿತ್ರಗಾರ.

ಸೊಸೆ ಬೆಕ್ಕನ್ನು ಹಿಡಿದಳು. ಅಷ್ಟು ಬಿಗಿಯಾಗಿ ಹಿಡಿಯಬೇಕಾಗಿರಲಿಲ್ಲ. ಕೆಂಚ ಕೊಸರಿಕೊಂಡು ಅತ್ತೆಯ ಮಡಿಲಿಗೆ ಹಾರಿದ.

"ಹದಿನಾರು ವರ್ಷದ ಮುದುಕ, ಹಾರೋದು ನೋಡಿ!" ಅತ್ತೆ ಗಟ್ಟಿಯಾಗಿ ನಕ್ಕರು. "ಎಲ್ಲಾ ನನ್ನ ಸೊಸೆ ಕೈಗುಣ. ನನಗೂ ಅವನಿಗೆ ಹಾಕೋದನ್ನೇ ಹಾಕಿದ್ದಿದ್ರೆ ನಾನೂ ಬೀರು ಹತ್ತಿ ಕೂತಿರ್ತಿದ್ದೆ."

ಸೊಸೆಗೆ ನಗು ಬರಲಿಲ್ಲ. ಚಿತ್ರಗಾರ ಬೆಕ್ಕಿನ ಹಣೆಯ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ.

ಅವನ ಕೆಲಸದ ರೀತಿಯೇ ಬೇರೆ. ಒಂದು ಫೋಟೋ ನೋಡಿ ಬರೆಯುವವನಲ್ಲ. ಮರಿಯಾಗಿದ್ದಾಗಿನದು, ನಡುವಯಸ್ಸಿನದು, ಈಗಿನದು, ಎಲ್ಲವೂ ಬೇಕು. ಒಂದೊಂದರ ಮೇಲೂ ತೆಳುಕಾಗದವಿಟ್ಟು ಹಣೆಯ ಪಟ್ಟೆಗಳನ್ನು ತೆಗೆದುಕೊಳ್ಳುತ್ತಾನೆ. "ಮುಖ ಊದುತ್ತೆ, ಸೊರಗುತ್ತೆ. ಹಣೆಗೆರೆ ಮಾತ್ರ ಹುಟ್ಟಿದಾಗ ಇದ್ದದ್ದೇ ಸಾಯೋ ತನಕ," ಎಂದು ಮೊದಲ ದಿನವೇ ಹೇಳಿದ್ದ. ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಹಳೆಯ ಫೋಟೋಗಳನ್ನೆಲ್ಲ ಅತ್ತೆ ತಾವೇ ಹುಡುಕಿ ಅವನ ಕೈಗಿಟ್ಟುಬಿಟ್ಟಿದ್ದರು.

ಮಡಿಲಲ್ಲಿ ಕೂತಿರುವುದು ಕೆಂಚನಲ್ಲ.

ಕೆಂಚ ಹೋಗಿ ಎರಡು ವರ್ಷ. ಅತ್ತೆ ಮಗಳ ಮನೆಗೆಂದು ಹೋದ ವಾರ ಅನ್ನ ಬಿಟ್ಟ, ನಾಲ್ಕನೆಯ ದಿನ ಅವಳ ಸೆರಗಿನ ಮೇಲೆಯೇ ಕಣ್ಣು ಮುಚ್ಚಿದ. ಹಾಗೆ ನೋಡಿದರೆ ಅವನು ಅವಳ ಬೆಕ್ಕೇ. ಮದುವೆಯಾಗಿ ಬಂದಾಗ ಬುಟ್ಟಿಯಲ್ಲಿಟ್ಟು ತಂದ ಮರಿ. "ಸೊಸೆ ಕೇಳಿದ್ರೆ ಮೀಸೆ ಇರೋನೊಬ್ಬನನ್ನೂ ಕಳಿಸಿದಾರೆ ಬೀಗರು," ಎಂದು ಅಂದು ಮೂಗು ಮುರಿದಿದ್ದ ಅತ್ತೆಗೆ, ಮಾವ ಹೋದ ಮೇಲೆ ಅವನೇ ಉಸಿರಾದ. "ಇವನು ಹೋದ ದಿನ ನನ್ನನ್ನೂ ಕಳಿಸ್ಬಿಡಿ," ಎನ್ನುತ್ತಿದ್ದರು. ಎದೆ ದುರ್ಬಲವಾಗಿದೆ, ಜೋಪಾನ ಎಂದು ಡಾಕ್ಟರೂ ಹೇಳಿದ್ದರು.

ಅಳಲು ಪುರುಸೊತ್ತಿರಲಿಲ್ಲ. ಒಬ್ಬಳೇ ಮಣ್ಣು ಮಾಡಿ, ಮೂರು ದಿನ ಬೀದಿ ಬೀದಿ ಸುತ್ತಿ, ಕಟ್ಟಿಗೆ ಡಿಪೋದಿಂದ ಅಂಥದೇ ಕೆಂಪು ಬೆಕ್ಕೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಮೊಣಕೈವರೆಗೆ ಪರಚಿಸಿಕೊಂಡಳು.

ಅತ್ತೆಯ ಕಣ್ಣಿಗೆ ಪೊರೆ. ಮಂಚದಡಿ ಅವಿತವನನ್ನು ಕರೆದು ಕರೆದು ಸುಮ್ಮನಾಗಿದ್ದರು. "ಬಿಟ್ಟು ಹೋದೆ ಅಂತ ಮುನಿಸು. ನೀನು ಆಸ್ಪತ್ರೆಯಿಂದ ಬಂದಾಗ್ಲೂ ಹೀಗೇ ಆಡಿದ್ನಲ್ಲ!"

ಒಂಬತ್ತು ವರ್ಷದ ಹಿಂದಿನ ಮಾತು ಅದು. ಹೊಟ್ಟೆಯಲ್ಲಿದ್ದ ಏಳು ತಿಂಗಳ ಮಗುವನ್ನು ಕಳೆದುಕೊಂಡು, ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದಿದ್ದಳು. ಆಗಲೂ ಕೆಂಚ ವಾರವಿಡೀ ಅವಳ ಹತ್ತಿರ ಸುಳಿದಿರಲಿಲ್ಲ.

ಎರಡು ವರ್ಷದಿಂದ ಸುಳ್ಳನ್ನು ಸಾಕಿ ಸಾಕಿ ಅವಳು ದಣಿದಿದ್ದಳು. ಈಗ ಅತ್ತೆ ಹಟ ಹಿಡಿದು ಬರೆಸುತ್ತಿರುವ ಈ ಚಿತ್ರ ಬೇರೆ. ಮುಂದಿನ ತಿಂಗಳು ಅತ್ತೆಯ ಕಣ್ಣಿನ ಆಪರೇಷನ್. ಪಟ್ಟಿ ಬಿಚ್ಚಿದ ಮೇಲೆ ಗೋಡೆಯ ಮೇಲೊಂದು ಹಣೆ, ಮಡಿಲಲ್ಲೊಂದು ಹಣೆ. ಅಷ್ಟು ಸಾಕು.

ಚಿತ್ರಗಾರನಿಗೆ ಆಗಲೇ ಗುಮಾನಿ ಬಂದಿರಬೇಕು. ಹೋದ ವಾರ ಅವಳು ಚಹಾ ಹಿಡಿದು ಬಂದಾಗ ಅವನೂ ಅತ್ತೆಯೂ ಥಟ್ಟನೆ ಮಾತು ನಿಲ್ಲಿಸಿದ್ದರು.

ಅವನು ಚೀಲ ಹೆಗಲಿಗೇರಿಸಿ ಹೊರಟಾಗ ಅವಳೂ ಮೆಟ್ಟಿಲಿಳಿದಳು.

"ಅಣ್ಣಾ, ಒಂದು ನಿಮಿಷ. ಮೇಲಿರೋನು ಕೆಂಚ ಅಲ್ಲ."

"ಗೊತ್ತು. ಗೆರೆ ಕೂಡಲ್ಲ."

"ಅತ್ತೆಗೆ ಹೇಳ್ಬೇಡಿ, ಕೈ ಮುಗೀತೀನಿ. ಕೆಂಚ ಹೋಗಿ ಎರಡು ವರ್ಷ ಆಯ್ತು, ಅವರಿಗೆ ಗೊತ್ತಿಲ್ಲ. ಚಿತ್ರಕ್ಕೆ ಈಗಿರೋನ ಹಣೆಯನ್ನೇ ಹಾಕಿಬಿಡಿ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ನನ್ನ ಪಾಡು ನೋಡಿ. ಅವರು ಮರಿ ಫೋಟೋದ ಹಣೆಯೇ ಬೇಕು, ಬೇರೆ ಯಾವುದೂ ಬೇಡ ಅಂದಿದಾರೆ."

"ಅದೇ ಮತ್ತೆ. ಮರಿದಾದ್ರೇನು, ನಡುವಿನದಾದ್ರೇನು, ಅವೆರಡೂ ಕೆಂಚಂದೇ. ನಡುವಿನದು ನಾನು ಆಸ್ಪತ್ರೆಯಿಂದ ಬಂದ ತಿಂಗಳು ತೆಗೆದದ್ದು."

ಚಿತ್ರಗಾರ ಚೀಲ ಬಿಚ್ಚಿದ. ಮೂರು ತೆಳುಕಾಗದಗಳನ್ನು ತೆಗೆದು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದ. ಈಗಿನ ಬೆಕ್ಕಿನ ಗೆರೆಗಳು ಎತ್ತಲೋ ಓಡಿದ್ದವು. ಅದು ಅವಳಿಗೆ ಗೊತ್ತಿದ್ದದ್ದೇ. ಅವನು ಆ ಕಾಗದವನ್ನು ಎಳೆದು ಪಕ್ಕಕ್ಕಿಟ್ಟ. ಉಳಿದೆರಡೂ ಒಂದಕ್ಕೊಂದು ಕೂಡಲಿಲ್ಲ.

ಅವಳು ಕಂಬಿ ಹಿಡಿದುಕೊಂಡಳು.

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆ," ಎಂದ ಅವನು, ಅವಳ ಮುಖ ನೋಡದೆ. "ನೀವು ಚಹಾಕ್ಕೆ ಒಳಗೆ ಹೋಗಿದ್ದಾಗ ನಿಮ್ಮತ್ತೆ ಹೇಳಿದ್ರು: 'ಮಗು ಕಳ್ಕೊಂಡು ಬರೋಳಿಗೆ ಕೆಂಚನೂ ಹೋದ ಅನ್ನೋಕೆ ಬಾಯಿ ಬರ್ಲಿಲ್ಲಪ್ಪಾ, ಅಂಥದೇ ಒಂದನ್ನ ಹುಡುಕಿ ತಂದಿಟ್ಟೆ, ಅವಳ ಕೆಂಚನ ಮುಖ ಅವಳಿಗೆ ವಾಪಸ್ ಕೊಟ್ಟು ಹೋಗ್ಬೇಕು ನಾನು, ಆದ್ರೆ ನನ್ನ ಸೊಸೆಗೆ ಮಾತ್ರ ಇದನ್ನ ಹೇಳ್ಬೇಡ.'"